ಜೂನ್ ತಿಂಗಳಿಗೆ ಬೇಕಾದ ಹಣ



ಪುತ್ತೂರು, ಸುಳ್ಯ, ಕಡಬ. ಈ ಮೂರು ತಾಲೂಕುಗಳ ಹಳ್ಳಿಗಳಲ್ಲಿ ಹತ್ತನೆಯ ತರಗತಿ ಮುಗಿಸಿದ ಬಡ ಹೆಣ್ಣುಮಕ್ಕಳ ಬಗ್ಗೆ ಇಂದು ನಿಮ್ಮೊಡನೆ ಮಾತಾಡುತ್ತೇನೆ. ಅವರಿಗೆಂದು ಇರುವ ಶಿಷ್ಯವೇತನದ ಬಗ್ಗೆ. ಇದ್ದೂ ಅದು ಕೈಗೆ ಬಾರದೆ ಹೋಗುವುದರ ಬಗ್ಗೆ.

ನಮ್ಮ ಜಿಲ್ಲೆಯಲ್ಲಿ ಈ ಮಾತು ಬೇಕೇ ಎಂದು ಕೆಲವರಿಗೆ ಅನಿಸಬಹುದು. 2025ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ದಕ್ಷಿಣ ಕನ್ನಡ ಇಡೀ ರಾಜ್ಯಕ್ಕೆ ಮೊದಲು ಬಂತು. ಪರೀಕ್ಷೆ ಬರೆದ ನೂರರಲ್ಲಿ 91 ಮಕ್ಕಳು ಪಾಸು. ಕಾಲೇಜುಗಳಿಗೂ ಬರವಿಲ್ಲ. ಪುತ್ತೂರಿನಲ್ಲಿ ಸಂತ ಫಿಲೋಮಿನಾ ಕಾಲೇಜು 1958ರಲ್ಲಿ ಬಂತು. ವಿವೇಕಾನಂದ ಕಾಲೇಜು 1965ರಲ್ಲಿ ಬಂತು. ಸುಳ್ಯದಲ್ಲಿ ಕುರುಂಜಿ ವೆಂಕಟ್ರಮಣ ಗೌಡರು 1976ರಲ್ಲಿ ನೆಹರೂ ಮೆಮೋರಿಯಲ್ ಕಾಲೇಜು ತೆರೆದರು. ಅದುವರೆಗೆ ಪದವಿ ಎಂದರೆ ಪುತ್ತೂರಿಗೋ ಮಂಗಳೂರಿಗೋ ಹೋಗಬೇಕಾಗಿದ್ದ ಮಕ್ಕಳಿಗೆ ಅದು ಹತ್ತಿರವಾಯಿತು.

ಇದೆಲ್ಲ ಹೆಮ್ಮೆಯ ಸಂಗತಿಯೇ. ಆದರೆ ಫಲಿತಾಂಶದ ಪಟ್ಟಿ ಪರೀಕ್ಷೆ ಬರೆದವರ ಲೆಕ್ಕ. ಪಾಸಾದವಳು ಜೂನ್ ತಿಂಗಳಲ್ಲಿ ಕಾಲೇಜಿನ ಬೆಂಚಿನಲ್ಲಿ ಕೂತಳೇ ಇಲ್ಲವೇ ಎಂಬುದನ್ನು ಅದು ಹೇಳುವುದಿಲ್ಲ. ನನ್ನ ಮಾತೆಲ್ಲ ಆ ನಡುವಿನ ಒಂದು ತಿಂಗಳ ಕುರಿತಾದದ್ದು. ಮೇ ತಿಂಗಳ ಫಲಿತಾಂಶಕ್ಕೂ ಜೂನ್ ತಿಂಗಳ ಮೊದಲ ಪಾಠಕ್ಕೂ ನಡುವಿನ ಕಾಲ.

ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಡಾಮಾರು ರಸ್ತೆಯಿಂದ ಒಳಗೆ ಎರಡು ಕಿಲೋಮೀಟರು. ಗುಡ್ಡೆ ಇಳಿಯಬೇಕು. ತೋಡು ದಾಟಬೇಕು. ತೋಡಿಗೆ ಅಡಿಕೆ ಮರದ ಕಾಲುಸಂಕ. ಜಗಲಿಯಲ್ಲಿ ತಾಯಿ ಬೀಡಿ ಕಟ್ಟುತ್ತಾ ಕೂತಿದ್ದಾರೆ. ತೊಡೆಯ ಮೇಲೆ ತಡ್ಪೆ, ಎಂದರೆ ಮೊರ. ತಡ್ಪೆಯಲ್ಲಿ ಕತ್ತರಿಸಿದ ಎಲೆ, ಹೊಗೆಸೊಪ್ಪಿನ ಪುಡಿ, ನೂಲು. ಎಲೆಗೆ ಪುಡಿ ಹಾಕುತ್ತಾರೆ, ಸುರುಳಿ ಸುತ್ತುತ್ತಾರೆ, ತುದಿ ಮಡಚುತ್ತಾರೆ, ನೂಲು ಬಿಗಿಯುತ್ತಾರೆ. ಮಾತಾಡುವಾಗಲೂ ಬೆರಳು ನಿಲ್ಲುವುದಿಲ್ಲ. ಕಟ್ಟಿದ ಬೀಡಿ ಕಂಪೆನಿಯ ಬ್ರಾಂಚಿಗೆ ಹೋಗುತ್ತದೆ. ಸಾವಿರಕ್ಕೆ ಇಷ್ಟು ಎಂದು ಮಜೂರಿ. ತಂದೆ ಬೇರೆಯವರ ಅಡಿಕೆ ತೋಟಕ್ಕೆ ಕೆಲಸಕ್ಕೆ ಹೋಗುತ್ತಾರೆ. ಮಗಳು ಎಸ್ಸೆಸ್ಸೆಲ್ಸಿಯಲ್ಲಿ ನೂರಕ್ಕೆ 64 ತೆಗೆದಿದ್ದಾಳೆ. ಅವಳ ತಮ್ಮ ಈ ವರ್ಷ ಹೈಸ್ಕೂಲಿಗೆ.

ಹೈಸ್ಕೂಲಿನ ಟೀಚರು ಮನೆಗೆ ಬಂದು ಕೇಳಿದರೆ ತಾಯಿ ಏನು ಹೇಳುತ್ತಾರೆ? "ಕಲಿಯಲಿ ಟೀಚರೇ, ಬೇಡ ಅಂತ ಯಾರು ಹೇಳಿದ್ದು? ಆದರೆ ಈಗ ಒಮ್ಮೆಗೇ ಅಷ್ಟು ದುಡ್ಡು ಎಲ್ಲಿಂದ ತರುವುದು? ಈ ವರ್ಷ ಮನೆಯಲ್ಲಿರಲಿ. ಬರುವ ವರ್ಷ ನೋಡುವ."

ಬರುವ ವರ್ಷ ನೋಡುವ. ಹಳ್ಳಿಯ ಹೈಸ್ಕೂಲುಗಳಲ್ಲಿ ಪಾಠ ಮಾಡಿದ ಯಾರನ್ನೇ ಕೇಳಿ. ಈ ಮಾತು ಅವರಿಗೆ ಗೊತ್ತು. ಆ ಬರುವ ವರ್ಷ ಹೆಚ್ಚಾಗಿ ಬರುವುದಿಲ್ಲ ಎಂಬುದೂ ಗೊತ್ತು. ಒಂದು ವರ್ಷ ಮನೆಯಲ್ಲಿ ಕೂತ ಹುಡುಗಿಗೆ ತಾಯಿಯ ಪಕ್ಕದಲ್ಲಿ ಇನ್ನೊಂದು ತಡ್ಪೆ ಸಿಗುತ್ತದೆ. ಇಲ್ಲವೇ ಪೇಟೆಯ ಬಟ್ಟೆ ಅಂಗಡಿಯಲ್ಲಿ ಕೆಲಸ ಸಿಗುತ್ತದೆ.

ಆ ತಾಯಿಯ ಮೇಲೆ ತಪ್ಪು ಹೊರಿಸಬೇಡಿ. ನಮ್ಮ ಜಿಲ್ಲೆಯ ಎಷ್ಟೋ ಶಿಕ್ಷಕರು, ದಾದಿಯರು, ಬ್ಯಾಂಕಿನವರು "ಅಮ್ಮ ಬೀಡಿ ಕಟ್ಟಿ ಓದಿಸಿದರು" ಎಂದು ಎದೆಯೆತ್ತಿ ಹೇಳುತ್ತಾರೆ. ಇಲ್ಲಿ ಬಡ ಹುಡುಗಿಗೆ ಮೊದಲ ಶಿಷ್ಯವೇತನ ಕೊಟ್ಟವಳು ತಾಯಿ. ಅವಳ ಕೈಗೂ ಮೀರಿದ್ದೇನು ಎಂದು ನಾವು ಕೇಳಬೇಕು.

ಮಗು ಒಂದನೆಯ ತರಗತಿಯಿಂದ ಹತ್ತರವರೆಗೆ ಸರಕಾರಿ ಶಾಲೆಯಲ್ಲಿ ಕಲಿಯುವಾಗ ಪಠ್ಯಪುಸ್ತಕ ಉಚಿತ. ಸಮವಸ್ತ್ರ ಉಚಿತ. ಮಧ್ಯಾಹ್ನ ಅಕ್ಷರ ದಾಸೋಹದ ಬಿಸಿಯೂಟ. ಶಿಕ್ಷಣ ಹಕ್ಕು ಕಾಯ್ದೆ 2010ರಲ್ಲಿ ಜಾರಿಗೆ ಬಂತು. ಅದು ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ. ಎಂಟನೆಯ ತರಗತಿಗೆ ಆ ಹಕ್ಕು ಮುಗಿಯಿತು. ಹತ್ತರವರೆಗೆ ರಾಜ್ಯದ ಯೋಜನೆಗಳು ಕೈಹಿಡಿದು ನಡೆಸುತ್ತವೆ. ಪಿಯುಸಿಗೆ ಕಾಲಿಟ್ಟಾಗ ಹೆಚ್ಚಿನ ಕಡೆ ಪುಸ್ತಕ, ಬಟ್ಟೆ, ಊಟ ಮೂರೂ ಒಟ್ಟಿಗೆ ಮನೆಯ ಲೆಕ್ಕಕ್ಕೆ ಬೀಳುತ್ತವೆ. ಅದರ ಜೊತೆಗೆ ಪ್ರವೇಶದ ಹಣ. ಎರಡು ಜೊತೆ ಸಮವಸ್ತ್ರದ ಹೊಲಿಗೆ. ಕೊಡೆ. ಚಪ್ಪಲಿ. ಎಷ್ಟು ಬಿಗಿಹಿಡಿದು ಖರ್ಚು ಮಾಡಿದರೂ ಐದಾರು ಸಾವಿರ ರೂಪಾಯಿಯಾದರೂ ಆಗುತ್ತದೆ ಎಂದು ನನ್ನ ಅಂದಾಜು. ಅದೂ ಮಳೆ ಹಿಡಿದು ಕೂಲಿ ಕೆಲಸ ಕಡಿಮೆಯಾಗುವ ತಿಂಗಳಲ್ಲಿ.

ಇಷ್ಟರವರೆಗೆ ಹೇಳಿದ್ದು ಮನೆಯ ಕಷ್ಟ. ಮನೆಯವರಿಗೆ ಮನಸ್ಸಿದೆ, ಆ ಹೊತ್ತಿಗೆ ಕೈಯಲ್ಲಿ ಹಣವಿಲ್ಲ. ಇದನ್ನೇ ಬಹು ದೂರದ ಇನ್ನೊಂದು ನಾಡಿನಲ್ಲಿ ಕಂಡುಕೊಂಡವರ ಕತೆಯನ್ನು ಈಗ ಹೇಳುತ್ತೇನೆ.

ಆಫ್ರಿಕಾದ ಜಿಂಬಾಬ್ವೆ ದೇಶ. 1991ರಲ್ಲಿ ಆನ್ ಕಾಟನ್ ಎಂಬ ಬ್ರಿಟಿಷ್ ಮಹಿಳೆ ಅಲ್ಲಿನ ಮೋಲಾ ಎಂಬ ಹಳ್ಳಿಗೆ ಹೋದರು. ಹುಡುಗಿಯರು ಯಾಕೆ ಹೈಸ್ಕೂಲಿಗೆ ಬರುವುದಿಲ್ಲ ಎಂದು ತಿಳಿಯುವುದು ಅವರ ಉದ್ದೇಶ. ಸಂಪ್ರದಾಯ ಅಡ್ಡ ಬರುತ್ತದೆ ಎಂಬುದು ಆಗ ಎಲ್ಲರ ಊಹೆ. ಹಳ್ಳಿಯವರನ್ನು ಕೇಳಿದಾಗ ಸಿಕ್ಕ ಉತ್ತರ ಬೇರೆ. ಹಣವಿಲ್ಲ. ಇರುವ ಹಣದಲ್ಲಿ ಒಬ್ಬರನ್ನು ಮಾತ್ರ ಓದಿಸಬಹುದು. ಮುಂದೆ ಸಂಬಳದ ಕೆಲಸ ಸಿಗುವ ಸಾಧ್ಯತೆ ಹುಡುಗನಿಗೇ ಹೆಚ್ಚು. ಹಾಗಾಗಿ ಹುಡುಗನನ್ನು ಕಳಿಸುತ್ತೇವೆ ಎಂದರು. ನಮ್ಮ ಜಗಲಿಯ ತಾಯಿ ಹೇಳಿದ ಮಾತಿಗೂ ಇದಕ್ಕೂ ಎಷ್ಟು ದೂರ?

ಆನ್ ಕಾಟನ್ ಊರಿಗೆ ಮರಳಿ ಕೇಂಬ್ರಿಜ್‌ನ ಸಂತೆಯಲ್ಲಿ ಕೇಕ್ ಮಾರಿ ಹಣ ಕೂಡಿಸಲು ಶುರು ಮಾಡಿದರು. 1993ರಲ್ಲಿ ಕ್ಯಾಮ್‌ಫೆಡ್ ಎಂಬ ಸಂಸ್ಥೆ ಹುಟ್ಟಿತು. ಮೊದಲ ವರ್ಷ 32 ಹುಡುಗಿಯರಿಗೆ ನೆರವು. ಫೀಸಿನ ಜೊತೆಗೆ ಪುಸ್ತಕ, ಸಮವಸ್ತ್ರ, ಚಪ್ಪಲಿಯಂಥ ಅಗತ್ಯಗಳನ್ನೂ ಕೊಟ್ಟರು. ಇಂದು ಆ ಕೆಲಸ ಜಿಂಬಾಬ್ವೆ, ಜಾಂಬಿಯಾ, ಘಾನಾ, ತಾಂಜಾನಿಯಾ, ಮಲಾವಿ ದೇಶಗಳಲ್ಲಿದೆ. ಆ ಮೊದಲ ತಂಡದಲ್ಲಿ ನೆರವು ಪಡೆದ ಆಂಜೆಲಿನ್ ಮುರಿಮಿರ್ವಾ ಮುಂದೆ ಅದೇ ಸಂಸ್ಥೆಯ ಮುಖ್ಯಸ್ಥೆಯಾದರು. ನೆರವು ಪಡೆದು ಓದಿದ ಯುವತಿಯರು ತಮ್ಮ ಹಳ್ಳಿಯ ಶಾಲೆಗೆ ಹಿಂತಿರುಗಿ, ಹಿಂದೆ ಬರುವ ಹುಡುಗಿಯರ ಜೊತೆ ನಿಲ್ಲುವ ಕ್ರಮವೂ ಅಲ್ಲಿದೆ. ಈ ಕೊನೆಯ ಸಂಗತಿಯನ್ನು ನೆನಪಿಟ್ಟುಕೊಳ್ಳಿ. ಇದಕ್ಕೆ ಮತ್ತೆ ಬರುತ್ತೇನೆ.

ನಮ್ಮ ಜಿಲ್ಲೆಗೂ ಇದು ಹೊಸ ಪಾಠವಲ್ಲ. ಕುದ್ಮುಲ್ ರಂಗರಾಯರು 1897ರಲ್ಲಿ ಮಂಗಳೂರಿನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ದಲಿತ ಮಕ್ಕಳಿಗೆ ಶಾಲೆ ತೆರೆದರು. ಶಾಲೆಗೆ ಬಂದ ಮಗುವಿನ ಮನೆಗೆ ದಿನಕ್ಕೆ ಎರಡು ಪೈಸೆ ಕೊಡುತ್ತಿದ್ದರು ಎಂದು ಜನ ಇಂದಿಗೂ ಹೇಳುತ್ತಾರೆ. ಯಾಕೆ ಎರಡು ಪೈಸೆ? ಮಗು ಶಾಲೆಗೆ ಬಂದರೆ ಮನೆಗೆ ಅದರ ದುಡಿಮೆ ತಪ್ಪುತ್ತದೆ. ಆ ನಷ್ಟ ತುಂಬದೆ ಮಗು ಬರುವುದಿಲ್ಲ. ಇದು ರಂಗರಾಯರಿಗೆ ಅಂದೇ ತಿಳಿದಿತ್ತು. ಅವರ ಬಗ್ಗೆ ಎಷ್ಟು ಗೌರವದಿಂದ ಮಾತಾಡಿದರೂ ನನಗೆ ಸಾಲದು.

ಇನ್ನೊಂದು ಮಾತು. ಹಿಂದೆ ನಮ್ಮಲ್ಲಿ ಬಡ ಹುಡುಗರು ವಾರಾನ್ನ ಉಂಡು ಓದಿದರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ರಾತ್ರಿ ಯಾರದೋ ಜಗಲಿಯಲ್ಲಿ ಮಲಗಿದರು. ದೊಡ್ಡವರಾದ ಮೇಲೆ ಅದನ್ನು ಆತ್ಮಕಥೆಗಳಲ್ಲಿ ಬರೆದರು. ಹುಡುಗಿಗೆ ಆ ದಾರಿ ಇರಲೇ ಇಲ್ಲ. ಯಾವ ತಾಯಿ ಮಗಳನ್ನು ಗುರುತಿಲ್ಲದವರ ಜಗಲಿಗೆ ಕಳಿಸುತ್ತಾಳೆ? ಆದ್ದರಿಂದ ಹೆಣ್ಣುಮಗುವಿಗೆ ಕೊಡುವ ಶಿಷ್ಯವೇತನದ ಲೆಕ್ಕ ಬೇರೆಯೇ ಆಗಬೇಕು. ಅದರಲ್ಲಿ ಹಾಸ್ಟೆಲ್ ಸೇರಬೇಕು, ದಾರಿಯ ಭದ್ರತೆಯೂ ಸೇರಬೇಕು.

ಹಣದ ಮಾತು ಹೇಳಿದೆ, ದಾರಿಯ ಮಾತಿಗೆ ಬಂದೆ. ದಾರಿಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು.

ನಮ್ಮದು ಹೊಳೆಗಳ ನಾಡು. ಸುಳ್ಯದ ಮಗ್ಗುಲಲ್ಲಿ ಪಯಸ್ವಿನಿ. ಉಪ್ಪಿನಂಗಡಿಯಲ್ಲಿ ಕುಮಾರಧಾರೆ ನೇತ್ರಾವತಿಯನ್ನು ಸೇರುತ್ತದೆ. ಕಡಬದ ಹೊಸ್ಮಠದ ಹಳೆಯ ಸೇತುವೆ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಗುಂಡ್ಯ ಹೊಳೆ ಉಕ್ಕಿದರೆ ಸೇತುವೆ ಮುಳುಗುತ್ತಿತ್ತು. ಬಸ್ಸು ಆಚೆ, ಮಕ್ಕಳು ಈಚೆ. ನೀರು ಇಳಿಯುವವರೆಗೆ ಕಾಯುವುದು. ಕತ್ತಲಾದರೂ ಕಾಯುವುದು. ಅಂಥ ಎರಡು ದಿನ ಕಳೆದರೆ ಮಗಳನ್ನು ಕಾಲೇಜಿಗೆ ಕಳಿಸುವ ಧೈರ್ಯ ಯಾವ ಮನೆಯಲ್ಲೂ ಉಳಿಯುವುದಿಲ್ಲ. ಈಗ ಅಲ್ಲಿ ಎತ್ತರದ ಹೊಸ ಸೇತುವೆ ಇದೆ.

ಸುಳ್ಯದವರೇ ಆದ ಇಂಜಿನಿಯರ್ ಗಿರೀಶ್ ಭಾರದ್ವಾಜರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ತೂಗುಸೇತುವೆ ಕಟ್ಟಿದರು. ಅದು ಅವರ ಮೊದಲನೆಯದು. ಆಮೇಲೆ ಕರ್ನಾಟಕ, ಕೇರಳ ಮೊದಲಾದ ಕಡೆ ನೂರಕ್ಕೂ ಹೆಚ್ಚು ಕಟ್ಟಿದರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಉಕ್ಕಿನ ಹಗ್ಗ, ಕೆಳಗೆ ಹಲಗೆಯ ಹಾಸು, ಒಬ್ಬರ ಹಿಂದೆ ಒಬ್ಬರು ನಡೆಯುವಷ್ಟು ಅಗಲ. ಇಷ್ಟೇ ಅದರ ರೂಪ. ಹೊಳೆಯ ಆಚೆಗಿನ ಹುಡುಗಿಗೆ ಮಳೆಗಾಲದಲ್ಲೂ ತರಗತಿ ಸಿಕ್ಕಿತು. ಹುಡುಗಿಯರ ಶಿಕ್ಷಣಕ್ಕೆ ಸಂದ ದೊಡ್ಡ ಕೊಡುಗೆಗಳನ್ನು ಎಣಿಸುವಾಗ ನಾನು ಈ ಸೇತುವೆಗಳನ್ನೂ ಎಣಿಸುತ್ತೇನೆ.

ಸರಕಾರ 2006–07ರಲ್ಲಿ ಎಂಟನೆಯ ತರಗತಿಯ ಹುಡುಗಿಯರಿಗೆ ಸೈಕಲ್ ಕೊಡಲು ಶುರು ಮಾಡಿತು. ಬಯಲುಸೀಮೆಯಲ್ಲಿ ಅದು ನಿಜವಾಗಿ ಉಪಕಾರವಾಯಿತು. ನಮ್ಮ ಗುಡ್ಡೆಗಳ ಏರು ಇಳಿತದಲ್ಲಿ ಅದು ಹೆಚ್ಚು ಓಡಲಿಲ್ಲ. ಆದರೆ 2023ರ ಜೂನ್ 11ರಂದು ಬಂದ ಶಕ್ತಿ ಯೋಜನೆ, ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಉಚಿತ ಪ್ರಯಾಣ, ಇಲ್ಲಿ ತಟ್ಟನೆ ಫಲ ಕೊಟ್ಟಿತು. ಮಂಗಳೂರು ಸುತ್ತ ಖಾಸಗಿ ಬಸ್ಸುಗಳೇ ಹೆಚ್ಚು. ಪುತ್ತೂರು, ಸುಳ್ಯದ ಕಡೆ ಸರಕಾರಿ ಬಸ್ಸು ಹೆಚ್ಚು. ಹುಡುಗಿಯ ಬಸ್ಸಿನ ಖರ್ಚು ಪೂರ್ತಿ ಇಳಿಯಿತು. ಇನ್ನೀಗ ಬೇಕಾದ್ದು ಒಳಊರಿಗೆ ಸಂಜೆಯ ಬಸ್ಸು. ಕಾಲೇಜು ಬಿಟ್ಟ ಮೇಲೆ ಕತ್ತಲಾಗುವ ಮೊದಲು ಅವಳನ್ನು ಮನೆಯ ತಿರುವಿನಲ್ಲಿ ಇಳಿಸುವ ಒಂದು ಬಸ್ಸು.

ಹಣ, ದಾರಿ, ಎರಡನ್ನೂ ನೋಡಿದೆವು. ಇನ್ನು ಕಾಗದಪತ್ರದ ವಿಷಯ. ಮನಸ್ಸಿಗೆ ಹೆಚ್ಚು ನೋವಾಗುವುದು ಇಲ್ಲೇ.

ಯೋಜನೆಗಳು ಇಲ್ಲವೆಂದಲ್ಲ. ಪರಿಶಿಷ್ಟ ಜಾತಿಯ ಮಕ್ಕಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ 1944ರಿಂದಲೇ ಇದೆ, ಸ್ವಾತಂತ್ರ್ಯಕ್ಕಿಂತಲೂ ಹಳೆಯದು. ಹಿಂದುಳಿದ ವರ್ಗದ ಮಕ್ಕಳಿಗೆ ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿ ಇದೆ. ಅದನ್ನು ತಂದಾಗ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಎಂದು ಗೊತ್ತು ಮಾಡಿದರು. ರೈತರ ಮಕ್ಕಳಿಗೆ 2021ರಲ್ಲಿ ರೈತ ವಿದ್ಯಾನಿಧಿ ಬಂತು. ಅದರಲ್ಲಿ ಪಿಯುಸಿಯ ಹುಡುಗನಿಗೆ ವರ್ಷಕ್ಕೆ 2,500, ಹುಡುಗಿಗೆ 3,000 ಎಂದು ನಿಗದಿಯಾಯಿತು. ಬೀಡಿ ಕಾರ್ಮಿಕರ ಮಕ್ಕಳಿಗೆ ಕೇಂದ್ರ ಕಾರ್ಮಿಕ ಇಲಾಖೆಯ ವಿದ್ಯಾರ್ಥಿವೇತನ ಇದೆ. ಪಿಯುಸಿಗೆ ವರ್ಷಕ್ಕೆ 3,000, ವೃತ್ತಿಪರ ಕೋರ್ಸಿಗೆ 25,000ದವರೆಗೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಸುಜ್ಞಾನನಿಧಿ ಇದೆ. ಸರಕಾರಿ ಶಾಲೆಯಲ್ಲಿ ಓದಿ ಪದವಿಗೆ ಸೇರುವ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ವರ್ಷಕ್ಕೆ 30,000 ರೂಪಾಯಿ ಈಚೆಗೆ ಬಂದಿದೆ.

ಇನ್ನೊಂದನ್ನು ಬೇರೆಯಾಗಿ ಹೇಳುತ್ತೇನೆ, ತಾಯಂದಿರು ಗಮನವಿಟ್ಟು ಕೇಳಿ. ಎನ್.ಎಂ.ಎಂ.ಎಸ್. ಎಂಬ ಪರೀಕ್ಷೆ ಎಂಟನೆಯ ತರಗತಿಯಲ್ಲಿ ನಡೆಯುತ್ತದೆ. ಸರಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳಿಗೆ. ಮನೆಯ ವರಮಾನ ವರ್ಷಕ್ಕೆ ಮೂರೂವರೆ ಲಕ್ಷದ ಒಳಗಿರಬೇಕು. ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿಯವರೆಗೆ ತಿಂಗಳಿಗೆ 1,000 ರೂಪಾಯಿ. ನಾಲ್ಕು ವರ್ಷಕ್ಕೆ 48,000. ಆದರೆ ಎಸ್ಸೆಸ್ಸೆಲ್ಸಿಯಲ್ಲಿ ನೂರಕ್ಕೆ 60 ಬರಬೇಕು, ಪರಿಶಿಷ್ಟರಿಗೆ 55. ಪ್ರತಿ ವರ್ಷ ಅರ್ಜಿಯನ್ನು ನವೀಕರಿಸಬೇಕು. ನವೀಕರಣ ಮರೆತರೆ ಗೆದ್ದ ಹಣ ಕೈತಪ್ಪಿತು. ಖಾಸಗಿ ಕಾಲೇಜಿಗೆ ಸೇರಿದರೂ ಕೈತಪ್ಪಿತು. ಇದನ್ನು ಹುಡುಗಿಗೆ ಯಾರಾದರೂ ಮೊದಲೇ ಹೇಳಬೇಕು.

ಈಗ ಆ ಹುಡುಗಿ ಅರ್ಜಿ ಹಾಕಲು ಪೇಟೆಯ ಸೈಬರ್ ಸೆಂಟರಿಗೆ ಬರುತ್ತಾಳೆ ಎನ್ನೋಣ. ಆಧಾರ್‌ನಲ್ಲಿ ಅವಳ ಹೆಸರಿನ ಮುಂದೆ ಇನಿಶಿಯಲ್ ಇದೆ. ಅಂಕಪಟ್ಟಿಯಲ್ಲಿ ಇಲ್ಲ. ಕಂಪ್ಯೂಟರು ಒಪ್ಪುವುದಿಲ್ಲ. ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದೆ. ನಾಡಕಚೇರಿಗೆ ಹೋಗಬೇಕು. ಬ್ಯಾಂಕ್ ಖಾತೆ ಇದೆ, ಆಧಾರ್ ಜೋಡಣೆಯಾಗಿಲ್ಲ. ಮೊಬೈಲಿಗೆ ಓಟಿಪಿ ಬರುತ್ತದೆ, ಆ ಮೊಬೈಲು ತಂದೆಯ ಕೈಯಲ್ಲಿ, ತಂದೆ ರೇಂಜ್ ಸಿಗದ ತೋಟದಲ್ಲಿ. ಒಂದೊಂದಕ್ಕೂ ಒಂದೊಂದು ದಿನ. ತಾಯಿಗೆ ಅಷ್ಟು ದಿನದ ಬೀಡಿ ತಪ್ಪಿತು. ಮೂರನೆಯ ಸಲ ಪೇಟೆಗೆ ಬರಲು ಆ ಮನೆಗೆ ಶಕ್ತಿ ಇರುವುದಿಲ್ಲ.

ಕಾಗದ ಎಷ್ಟು ಆಳವಾಗಿ ತಡೆಯಬಲ್ಲದು ಎಂಬುದಕ್ಕೆ ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳ ಕಾಲನಿಗಳನ್ನು ನೋಡಿ. 1964ರಲ್ಲಿ ಭಾರತದ ಪ್ರಧಾನಿ ಶಾಸ್ತ್ರಿ ಮತ್ತು ಶ್ರೀಲಂಕಾದ ಪ್ರಧಾನಿ ಸಿರಿಮಾವೋ ಬಂಡಾರನಾಯಕೆ ನಡುವೆ ಒಪ್ಪಂದವಾಯಿತು. ಅದರಂತೆ ಶ್ರೀಲಂಕಾದಿಂದ ತಮಿಳು ಕುಟುಂಬಗಳು ಭಾರತಕ್ಕೆ ಬಂದವು. ಅವರಲ್ಲಿ ಹಲವರಿಗೆ ಇಲ್ಲಿನ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟದಲ್ಲಿ ಕೆಲಸ ಸಿಕ್ಕಿತು. ಅವರ ಮಕ್ಕಳು, ಮೊಮ್ಮಕ್ಕಳು ಇಲ್ಲೇ ಹುಟ್ಟಿ ಕನ್ನಡ ಶಾಲೆಯಲ್ಲಿ ಓದಿದರು. ಆದರೆ ಪರಿಶಿಷ್ಟ ಜಾತಿಯ ಪಟ್ಟಿ ಒಂದೊಂದು ರಾಜ್ಯಕ್ಕೆ ಒಂದೊಂದು. ಬೇರೆ ನಾಡಿನ ಮೂಲ ಎಂಬ ಕಾರಣಕ್ಕೆ ಜಾತಿ ಪ್ರಮಾಣಪತ್ರ ಸಿಗುವುದು ಬಹುಕಾಲ ತೊಡಕಾಯಿತು. ಪ್ರಮಾಣಪತ್ರವಿಲ್ಲದೆ ಶಿಷ್ಯವೇತನವಿಲ್ಲ. ಬೆಳಗಿನ ಜಾವ ಎದ್ದು ರಬ್ಬರ್ ಹಾಲು ಇಳಿಸುವ ಟ್ಯಾಪಿಂಗ್ ಕೆಲಸದವರ ಮಗಳಿಗಿಂತ ಆ ಹಣದ ಅಗತ್ಯ ಬೇರೆ ಯಾರಿಗಿತ್ತು?

ಅಡಿಕೆಯವರ ಮಾತೂ ಇದೆ. ತೋಟ ಇದೆ ಎಂದರೆ ಹಣ ಇದೆ ಎಂದು ಊರು ತಿಳಿಯುತ್ತದೆ. ಸಂಪಾಜೆ, ಅರಂತೋಡು ಕಡೆ ಹಳದಿ ರೋಗ ತಗಲಿದ ತೋಟಗಳನ್ನು ಕಂಡವರಿಗೆ ನಿಜ ಗೊತ್ತು. ಮರ ನಿಂತಿದೆ, ಫಸಲಿಲ್ಲ. ಅಂಥ ಮನೆಯ ಹುಡುಗಿ ನೆರವು ಕೇಳಲು ನಾಚುತ್ತಾಳೆ.

ಯೋಜನೆ ಇದೆ, ಅದಕ್ಕೆ ಅರ್ಜಿ ದಾಟಿಸುವುದು ಕಷ್ಟ. ಇಷ್ಟು ಆಯಿತು. ಇನ್ನು ಅರ್ಜಿ ದಾಟಿತು ಎಂದುಕೊಳ್ಳಿ. ಹಣ ಯಾವಾಗ ಬರುತ್ತದೆ? ಅನೇಕ ಬಾರಿ ಖಾತೆಗೆ ಬೀಳುವಾಗ ವರ್ಷ ಮುಗಿಯುತ್ತ ಬಂದಿರುತ್ತದೆ. ಖರ್ಚು ಜೂನ್‌ನಲ್ಲಿ, ಹಣ ಮಾರ್ಚ್‌ನಲ್ಲಿ. 2008ರಲ್ಲಿ ಕೇಂದ್ರ ಸರಕಾರ ಒಂದು ಯೋಜನೆ ತಂದಿತ್ತು. ಒಂಬತ್ತನೆಯ ತರಗತಿಗೆ ಸೇರಿದ ಪರಿಶಿಷ್ಟ ಹುಡುಗಿಯ ಹೆಸರಲ್ಲಿ 3,000 ರೂಪಾಯಿ ಠೇವಣಿ. ಹತ್ತನ್ನು ಪಾಸಾಗಿ 18 ತುಂಬಿದ ಮೇಲೆ ತೆಗೆಯಬಹುದು. ಉದ್ದೇಶ ಒಳ್ಳೆಯದೇ. ಆದರೆ 15ನೆಯ ವಯಸ್ಸಿನಲ್ಲಿ ಕೊಡೆ ಕೊಳ್ಳಲು ಅದು ಒದಗಲಿಲ್ಲ.

ಇಲ್ಲಿ ನನ್ನದೊಂದು ಸಲಹೆ ಇದೆ. ಪುತ್ತೂರು ಸಹಕಾರಿ ಧುರೀಣ ಮೊಳಹಳ್ಳಿ ಶಿವರಾಯರ ಊರು. 1914ರಲ್ಲಿ ಪುತ್ತೂರಿನಲ್ಲೇ ಅವರು ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕನ್ನು ಹುಟ್ಟುಹಾಕಿದರು. ಇಂದು ಹಳ್ಳಿ ಹಳ್ಳಿಗೂ ಸೊಸೈಟಿ ಇದೆ. ಸೊಸೈಟಿ ರೈತನಿಗೆ ಬೆಳೆ ಬರುವ ಮೊದಲೇ ಸಾಲ ಕೊಡುತ್ತದೆ. ಫಸಲು ಕೈಗೆ ಬಂದ ಮೇಲೆ ಅವನು ಕಟ್ಟುತ್ತಾನೆ. ಅದೇ ರೀತಿ ಶಿಷ್ಯವೇತನಕ್ಕೆ ಅರ್ಹಳಾದ ಹುಡುಗಿಯ ಮನೆಗೆ ಜೂನ್ ಮೊದಲ ವಾರ ಬಡ್ಡಿಯಿಲ್ಲದೆ ಆರು ಸಾವಿರ ಕೊಡಲು ಬಾರದೇ? ಹಣ ಖಾತೆಗೆ ಬಂದಾಗ ಹಿಂತಿರುಗಿಸಲಿ. ಬಾರದೆ ಹೋದರೆ ಊರಿನ ದಾನಿಗಳ ನಿಧಿ ತುಂಬಲಿ. ಇದಕ್ಕೆ ಬೇಕಾದ ನಿಯಮವನ್ನು ಮಹಾಸಭೆಯಲ್ಲಿ ಸದಸ್ಯರೇ ಎದ್ದು ಕೇಳಬೇಕು.

ಸೊಸೈಟಿಗಳು, ಸಂಘಗಳು ಈಗಲೂ ಮಕ್ಕಳಿಗೆ ಹಣ ಕೊಡುತ್ತವೆ. ಪ್ರತಿಭಾ ಪುರಸ್ಕಾರ ಎಂದು. ಶಾಲು, ಹಾರ, ಒಂದು ಲಕೋಟೆ. 95 ತೆಗೆದವಳಿಗೆ ಕೊಡುತ್ತಾರೆ, ಕೊಡಲಿ, ಸಂತೋಷ. ಆದರೆ 95 ತೆಗೆದವಳು ಹೇಗಾದರೂ ಕಾಲೇಜು ಸೇರುತ್ತಾಳೆ. ನಾಲ್ಕು ಜನ ಅವಳ ಕೈ ಹಿಡಿಯುತ್ತಾರೆ. 64 ತೆಗೆದವಳನ್ನು ಯಾರೂ ವೇದಿಕೆಗೆ ಕರೆಯುವುದಿಲ್ಲ. ಓದು ನಿಲ್ಲಿಸುವವಳು ಅವಳೇ. ಲಕೋಟೆ ಅವಳ ಕೈಗೆ ಹೋಗಬೇಕು, ಸಭೆಯಿಲ್ಲದೆ, ಫೋಟೋ ಇಲ್ಲದೆ. ಬಡತನವನ್ನು ವೇದಿಕೆಗೆ ಹತ್ತಿಸಿ ತೋರಿಸುವುದು ಹದಿನಾರರ ಹುಡುಗಿಗೆ ದೊಡ್ಡ ಶಿಕ್ಷೆ.

ಜೂನ್ ಹಣದ ಮಾತು ಮುಗಿಯಿತು. ಉಳಿದದ್ದು ಜೊತೆಗೆ ನಿಲ್ಲುವವರ ಮಾತು. ಆಫ್ರಿಕಾದ ಆ ಯುವತಿಯರನ್ನು ನೆನಪಿಟ್ಟುಕೊಳ್ಳಿ ಎಂದಿದ್ದೆ. ನೆರವು ಪಡೆದು ಓದಿದವರೇ ಮುಂದಿನವರ ಜೊತೆ ನಿಲ್ಲುತ್ತಾರೆ ಎಂದೆ. ಅಂಥ ಅಕ್ಕಂದಿರು ನಮ್ಮಲ್ಲೂ ಇದ್ದಾರೆ. ಈ ಹೊತ್ತು ಈ ಮಾತು ಕೇಳುತ್ತಲೂ ಇರಬಹುದು.

ಹಾಸ್ಟೆಲಿನಲ್ಲಿದ್ದು, ವಿದ್ಯಾರ್ಥಿವೇತನದಲ್ಲಿ ಓದಿ, ಇಂದು ಆಸ್ಪತ್ರೆಯಲ್ಲೋ ಶಾಲೆಯಲ್ಲೋ ಬ್ಯಾಂಕಿನಲ್ಲೋ ಕೆಲಸ ಮಾಡುವ ಅಕ್ಕಂದಿರೇ, ಮೇ ತಿಂಗಳ ಕೊನೆಯಲ್ಲಿ ಒಂದು ಭಾನುವಾರ ನೀವು ಕಲಿತ ಹೈಸ್ಕೂಲಿಗೆ ಹೋಗಿ. ಪಾಸಾದ ಹುಡುಗಿಯರ ಪಟ್ಟಿಯನ್ನು ಮುಖ್ಯೋಪಾಧ್ಯಾಯರಲ್ಲಿ ಕೇಳಿ. ಯಾರು ಇನ್ನೂ ಕಾಲೇಜಿಗೆ ಸೇರಿಲ್ಲ ಎಂದು ಗುರುತು ಹಾಕಿ. ಅವಳ ಆಧಾರ್, ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್ ಮೂರರಲ್ಲೂ ಹೆಸರು ಒಂದೇ ಇದೆಯೇ ನೋಡಿ. ಆದಾಯ ಪ್ರಮಾಣಪತ್ರದ ದಿನಾಂಕ ನೋಡಿ. ಓಟಿಪಿಗೆ ಬೇಕಾದರೆ ತಂದೆಯನ್ನು ಒಂದು ಗಂಟೆ ಕೂರಿಸಿಕೊಳ್ಳಿ. ಅರ್ಜಿ ಕಳಿಸಿದ ಮೇಲೆ ಅದರ ನಂಬರನ್ನು ಅವಳ ಪುಸ್ತಕದಲ್ಲೇ ಬರೆಸಿ. ಆಗಸ್ಟ್‌ನಲ್ಲಿ ಮತ್ತೊಮ್ಮೆ ಫೋನು ಮಾಡಿ, ಅರ್ಜಿ ಎಲ್ಲಿಗೆ ಬಂತು ಎಂದು ಕೇಳಿ.